ಇಲಾಖೆಗೆ ಹೊಂದದವರು

ಓಹಾಯೊದ ಬ್ರಾಕ್‌ಡನ್ ಊರಿನ ಪೊಲೀಸ್ ಇಲಾಖೆಯಲ್ಲಿ ತೊಂಬತ್ತನಾಲ್ಕು ಜನ ಪೊಲೀಸರಿದ್ದರು. ಊರಿನಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಕಪ್ಪು ಜನ. ಆ ತೊಂಬತ್ತನಾಲ್ಕರಲ್ಲಿ ಅವರೆಷ್ಟು ಎಂದು ಯಾರಾದರೂ ಕೇಳಿದರೆ ಚೀಫ್ ವಾಲ್ಡ್ರಪ್ ಎದೆಯುಬ್ಬಿಸಿ, "ನಮ್ಮಲ್ಲಿ ಬಣ್ಣ ನೋಡೋ ಅಭ್ಯಾಸಾನೇ ಇಲ್ಲ" ಎನ್ನುತ್ತಿದ್ದ. ಬಣ್ಣ ನೋಡುವ ಅಭ್ಯಾಸವಿದ್ದವರು ಎಣಿಸಿದರೆ ಎಣಿಕೆ ಎರಡಕ್ಕೇ ನಿಲ್ಲುತ್ತಿತ್ತು. ಒಬ್ಬ ಮೊಣಕಾಲು ನೋವೆಂದು ವರ್ಷದಿಂದ ರಜೆಯ ಮೇಲಿದ್ದ. ಇನ್ನೊಬ್ಬ ಲೂಥರ್ ಗೇನ್ಸ್. ಪಾಪ, ಅವನಿಗೆ ಗಸ್ತು ತಿರುಗುವುದಕ್ಕಿಂತ ಫೋಟೊಗೆ ನಿಲ್ಲುವ ಕೆಲಸವೇ ಹೆಚ್ಚು.

ಇವರಿಬ್ಬರನ್ನು ಬಿಟ್ಟರೆ ಆ ಕಟ್ಟಡದಲ್ಲಿದ್ದ ಮೂರನೆಯ ಕಪ್ಪು ಮುಖ ವರ್ನೀಸ್ ಪೆಟ್‌ವೇಯದು. ಅವಳು ಪೊಲೀಸಲ್ಲ, ನೆಲಮಾಳಿಗೆಯ ದಾಖಲೆ ಕೋಣೆಯ ಗುಮಾಸ್ತೆ. ಮೂವತ್ತೆರಡು ವರ್ಷದಿಂದ ಅಲ್ಲೇ ಕುಳಿತು, ಯಾವ ಕಾಗದ ಯಾವ ಪೆಟ್ಟಿಗೆಯಲ್ಲಿದೆ ಎಂದು ಕಣ್ಣುಮುಚ್ಚಿ ಹೇಳುವಷ್ಟು ಪಳಗಿದ್ದಳು. ಮೇಲಿನ ಮಹಡಿಯವರಿಗೆ ಅವಳ ನೆನಪಾಗುತ್ತಿದ್ದದ್ದು ಕಾಗದ ಕಳೆದುಹೋದಾಗ ಮಾತ್ರ.

ಆ ನೆಲಮಾಳಿಗೆಗೆ ಅವಳು ಬಂದದ್ದೂ ಒಂದು ಕಥೆಯೇ. ಅಪ್ಪ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದವನು, ತಾಯಿ ಶಾಲೆಯ ಅಡುಗೆಮನೆಯಲ್ಲಿ. 1984ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ವರ್ನೀಸ್ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಲಿಖಿತ ಪರೀಕ್ಷೆ ಪಾಸು. ಓಟ ಪಾಸು. ಆರಡಿ ಎತ್ತರದ ಗೋಡೆ ಹತ್ತಿ ಆಚೆಗೆ ಹಾರಬೇಕಿತ್ತು. ಅವಳ ಹಿಂದಿದ್ದ ಇಬ್ಬರು ಗಂಡಸರು ಅದರ ಮೇಲೆ ಒದ್ದಾಡುತ್ತಿದ್ದಾಗ ಅವಳು ಆಚೆ ಕಡೆ ಇಳಿದು ಪ್ಯಾಂಟಿನ ದೂಳು ಕೊಡವುತ್ತಿದ್ದಳು. ಕೊನೆಗೆ ಸಂದರ್ಶನ. ಮೇಜಿನಾಚೆ ಮೂವರು.

"ನೀನು ರಾತ್ರಿ ಪಾಳಿಗೆ ಹೋದ್ರೆ ಮಕ್ಕಳನ್ನ ಯಾರು ನೋಡ್ಕೋತಾರೆ?" ಎಂದು ಒಬ್ಬ ಕೇಳಿದ.

"ನಂಗೆ ಮಕ್ಕಳಿಲ್ಲ ಸರ್. ಮದುವೇನೇ ಆಗಿಲ್ಲ."

"ಯಾಕೆ ಆಗಿಲ್ಲ?" ಎಂದು ಇನ್ನೊಬ್ಬ.

ಎರಡು ವಾರದ ಮೇಲೆ ಪತ್ರ ಬಂತು. ಅರ್ಜಿದಾರಳು ಎಲ್ಲ ಪರೀಕ್ಷೆಗಳಲ್ಲೂ ಚೆನ್ನಾಗಿ ಮಾಡಿದ್ದಾಳೆ, ಆದರೆ ಇಲಾಖೆಗೆ ಹೊಂದುವುದಿಲ್ಲ. ಕೆಳಗಡೆ ಕೈಬರಹದಲ್ಲಿ ಇನ್ನೊಂದು ಸಾಲಿತ್ತು: ಟೈಪಿಂಗ್ ಗೊತ್ತಿದ್ದರೆ ದಾಖಲೆ ಕೋಣೆಯಲ್ಲೊಂದು ಜಾಗ ಖಾಲಿಯಿದೆ. ಕಾರ್ಖಾನೆ ಬಾಗಿಲು ಮುಚ್ಚಿ ಅಪ್ಪ ಮನೆಯಲ್ಲಿ ಕೂತಿದ್ದ ಕಾಲ. ವರ್ನೀಸ್ ಪತ್ರವನ್ನು ಮಡಿಸಿಟ್ಟು ಸೋಮವಾರ ಕೆಲಸಕ್ಕೆ ಹೋದಳು.

ಹೀಗೆ ಮೂವತ್ತೆರಡು ವರ್ಷ ಕಳೆದ ಮೇಲೆ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದಿಂದ ಊರಿಗೊಂದು ಪತ್ರ ಬಂತು. ಅರ್ಧ ಊರು ಒಂದು ಬಣ್ಣ, ಪೊಲೀಸರೆಲ್ಲ ಇನ್ನೊಂದು ಬಣ್ಣ, ಇದು ಹೇಗೆ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ನಗರಸಭೆ ಬೆವರಿತು. ರಾಜ್ಯದ ರಾಜಧಾನಿ ಕೊಲಂಬಸ್‌ನಿಂದ ಇಬ್ಬರು ಸಲಹೆಗಾರರನ್ನು ಕರೆಸಿದರು. ಅವರು ಎರಡು ದಿನ ಡೋನಟ್ ತಿನ್ನುತ್ತ, ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟು, ವೈವಿಧ್ಯ ಎಂಬ ಶಬ್ದವನ್ನು ಉಸಿರಿಗೊಂದು ಸಲ ಹೇಳಿದರು. ಕೇಳಲು ಕೂತವರಲ್ಲಿ ವೈವಿಧ್ಯವೆಂದರೆ ಬೋಳುತಲೆಯವರು ಮತ್ತು ಕೂದಲಿದ್ದವರು, ಅಷ್ಟೆ. ಹೋಗುವಾಗ ಸಲಹೆಗಾರರು ಒಂದು ಪೋಸ್ಟರ್ ಮಾಡಿಕೊಟ್ಟರು. ಅದರಲ್ಲಿ ನಾಲ್ಕು ಜನ ಕಪ್ಪು ಪೊಲೀಸರು ನಗುತ್ತಿದ್ದರು. ಮೂವರು ಲೂಥರ್ ಗೇನ್ಸನೇ: ಒಂದರಲ್ಲಿ ಟೋಪಿ, ಒಂದರಲ್ಲಿ ಕನ್ನಡಕ, ಒಂದರಲ್ಲಿ ಸೈಕಲ್ಲು. ನಾಲ್ಕನೆಯವಳು ಎಲ್ಲಿಂದಲೋ ಕೊಂಡು ತಂದ ಚಿತ್ರದ ಹೆಂಗಸು, ಅವಳ ತೋಳಿನ ಪಟ್ಟಿಯಲ್ಲಿ ಕೆನಡಾದ ಬಾವುಟವಿತ್ತು.

ಮರುದಿನ ಚೀಫ್ ವಾಲ್ಡ್ರಪ್ ಜೀವಮಾನದಲ್ಲಿ ಮೊದಲ ಸಲ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದ. ಕೈಯಲ್ಲಿ ಎರಡು ಲೋಟ ಕಾಫಿ.

"ವರ್ನೀಸ್, ನಿಂಗೆ ಅಲ್ಲೆಲ್ಲ ಜನ ಪರಿಚಯ ಅಲ್ವಾ?"

"ಎಲ್ಲಿ, ಚೀಫ್?"

"ಅದೇ... ಅಲ್ಲಿ. ರೈಲು ಹಳಿಯಾಚೆ. ನಿಮ್ಮ ಕಡೆ."

"ನಾನು ಹುಟ್ಟಿದ್ದೇ ಅಲ್ಲಿ. ಪರಿಚಯ ಇರ್ದೇ ಏನು?"

"ಅದಕ್ಕೇ ಹೇಳ್ತಿರೋದು. ಇವತ್ತಿಂದ ನೀನು ವೈವಿಧ್ಯ ನೇಮಕಾತಿ ಸಂಯೋಜಕಿ. ಒಳ್ಳೊಳ್ಳೆ ಹುಡುಗರನ್ನ ಕರ್ಕೊಂಡು ಬಾ. ಬಾಗಿಲು ತೆರೆದೇ ಇದೆ, ಒಬ್ಬರೂ ಬರಲ್ವಲ್ಲ, ನಾವೇನು ಮಾಡೋಣ ಹೇಳು?"

ಸಂಬಳ ಏರುವುದೇ ಎಂದು ಕೇಳಿದಾಗ ಚೀಫ್, ಇದು ಗೌರವದ ಹುದ್ದೆ ಎಂದ. ಹುದ್ದೆಯ ಜತೆಗೆ ಒಂದು ಮಡಚುವ ಮೇಜು, ಇಲಾಖೆಯ ಮುದ್ರೆಯಿದ್ದ ನೀಲಿ ಹಾಸು ಮತ್ತು ಒಂದು ಪೆಟ್ಟಿಗೆ ಪೆನ್ನು ಬಂದವು. ಪೆನ್ನುಗಳು ಬರೆಯುತ್ತಿರಲಿಲ್ಲ.

ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ವರ್ನೀಸ್ ಆ ಮೇಜನ್ನು ಊಟದ ಸಾಲಿನ ಪಕ್ಕದಲ್ಲೇ ಹಾಕಿದಳು. ಒಂದು ಕಡೆ ಕರಿದ ಮೀನು, ಬೇಯಿಸಿದ ಸೊಪ್ಪು, ಗೆಣಸಿನ ಕಡುಬು. ಇನ್ನೊಂದು ಕಡೆ ಪೊಲೀಸ್ ಇಲಾಖೆ. ಸಾಲೆಲ್ಲ ಮೀನಿನ ಕಡೆಗೇ ಇತ್ತು. ತಟ್ಟೆ ಹಿಡಿದು ಮೊದಲು ಹತ್ತಿರ ಬಂದವರು ಡೀಕನ್ ಹೋರೇಸ್ ಬ್ಲೆಡ್ಸೋ. ಎಪ್ಪತ್ತೊಂದು ವರ್ಷ, ನಾಲ್ಕು ಗುಂಡಿಯ ಸೂಟು, ಚರ್ಚಿನ ಹಿರಿತಲೆ, ಅಲ್ಲಿನ ಹೆಂಗಸರನ್ನೆಲ್ಲ ಸಿಸ್ಟರ್ ಎಂದೇ ಕರೆಯುವವರು. ಪೋಸ್ಟರನ್ನು ಕನ್ನಡಕ ಏರಿಸಿ ನೋಡಿದರು.

"ಸಿಸ್ಟರ್ ಪೆಟ್‌ವೇ, ಲೂಥರಿಗೆ ಅವಳಿ ತಮ್ಮಂದಿರಿದ್ದಾರೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

"ನಗಬೇಡಿ ಡೀಕನ್. ಕೆಲಸಕ್ಕೆ ಹುಡುಗರು ಬೇಕು."

"ಹೋದ ಗುರುವಾರ ನಿಮ್ಮವರು ನನ್ನ ಕಾರು ನಿಲ್ಲಿಸಿದ್ರು. ಹಿಂದಿನ ದೀಪ ಮಂಕಾಗಿದೆಯಂತೆ. ಮಟಮಟ ಮಧ್ಯಾಹ್ನ! ನಲವತ್ತು ನಿಮಿಷ ರಸ್ತೆ ಬದಿಯಲ್ಲಿ ನಿಂತಿದ್ದೆ, ಇದೇ ಸೂಟಲ್ಲಿ. ಈಗ ಅವರಿಗೆ ನನ್ನ ಮೊಮ್ಮಗ ಬೇಕಾ?"

"ಅದಕ್ಕೇ ಬೇಕು. ನಿಮ್ಮ ಮೊಮ್ಮಗ ಆ ಕಡೆ ಇದ್ರೆ ನಿಮ್ಮ ದೀಪ ನೋಡಲ್ಲ, ನಿಮ್ಮ ಮುಖ ನೋಡ್ತಾನೆ."

"ನನ್ನ ಮೊಮ್ಮಗನಾ? ಮೊದಲ್ನೇ ದಿನವೇ ನಂಗೆ ದಂಡದ ಚೀಟಿ ಹರೀತಾನೆ ಅವನು," ಎಂದರು ಡೀಕನ್. ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೂ ಹೋಗುವಾಗ ಎರಡು ಅರ್ಜಿ ಮಡಿಸಿ ಕೋಟಿನ ಜೇಬಿಗೆ ಇಟ್ಟುಕೊಂಡರು.

ವರ್ನೀಸ್ ಬಿಡಲಿಲ್ಲ. ಕ್ಷೌರದಂಗಡಿ, ಜಡೆ ಹೆಣೆಯುವ ಅಂಗಡಿ, ಬ್ಯಾಸ್ಕೆಟ್‌ಬಾಲ್ ಅಂಗಳ, ಎಲ್ಲಿ ನಾಲ್ಕು ಜನ ಸೇರುತ್ತಾರೋ ಅಲ್ಲಿಗೆ ಹೋದಳು. ಬೈಸಿಕೊಂಡಳು. "ಮಿಸ್ ವರ್ನೀಸ್, ನಿಮ್ಮ ಮೇಲೆ ಗೌರವ ಇದೆ, ಆ ಮೇಜನ್ನ ಮಾತ್ರ ನಮ್ಮ ಅಂಗಡಿ ಮುಂದೆ ಹಾಕಬೇಡಿ, ಗಿರಾಕಿಗಳು ಹಿಂದಿನ ಬಾಗಿಲಿಂದ ಓಡಿಹೋಗ್ತಾರೆ" ಎಂದು ಕ್ಷೌರಿಕ ಕೈಮುಗಿದ. ಆದರೂ ಚಳಿಗಾಲ ಮುಗಿಯುವ ಹೊತ್ತಿಗೆ ಹನ್ನೊಂದು ಅರ್ಜಿಗಳು ಸಿಕ್ಕವು. ಅವುಗಳಲ್ಲಿ ಎಲ್ಲಕ್ಕಿಂತ ಗಟ್ಟಿ ಅರ್ಜಿ ರೆನಿಟಾ ಮೇಬ್ರಿಯದು. ಇಪ್ಪತ್ತೇಳು ವರ್ಷ. ಸೈನ್ಯದಲ್ಲಿ ಆರು ವರ್ಷ, ಅದೂ ಸೈನ್ಯದ ಪೊಲೀಸ್ ಪಡೆಯಲ್ಲಿ. ಎರಡು ಪದಕ. ಈಗ ಆಸ್ಪತ್ರೆಯಲ್ಲಿ ರೋಗಿಗಳನ್ನು ಎತ್ತಿ ಮಲಗಿಸುವ ಕೆಲಸ.

"ಮಿಸ್ ವರ್ನೀಸ್, ನಿಜ ಹೇಳಿ. ತಗೋತಾರಾ?" ಎಂದು ರೆನಿಟಾ ಕೇಳಿದಳು.

"ನಿನ್ನ ತಗೊಳ್ದೇ ಇನ್ಯಾರನ್ನ ತಗೋತಾರಮ್ಮ?" ಎಂದಳು ವರ್ನೀಸ್. ಆ ಮಾತನ್ನು ಹೇಳಿದ್ದಕ್ಕೆ ಆಮೇಲೆ ಬಹಳ ದಿನ ತನ್ನನ್ನೇ ಬೈದುಕೊಂಡಳು.

ಹನ್ನೊಂದು ಜನರಲ್ಲಿ ಒಂಬತ್ತು ಜನ ಲಿಖಿತ ಪರೀಕ್ಷೆ ದಾಟಿದರು. ಎಂಟು ಜನ ಓಟ, ಗೋಡೆ, ಭಾರ ಎಲ್ಲ ದಾಟಿದರು. ಆಮೇಲೆ ಪೂರ್ವಾಪರ ವಿಚಾರಣೆ. ಅಲ್ಲಿ ಜರಡಿಯ ತೂತು ದೊಡ್ಡದಾಯಿತು. ಒಬ್ಬನ ಸೋದರಸಂಬಂಧಿ ಜೈಲಿನಲ್ಲಿದ್ದ. ಅಪರಾಧಿಗಳ ಒಡನಾಟ ಎಂದು ಬರೆದರು. ಇನ್ನೊಬ್ಬನನ್ನು ಪೊಲೀಸರು ಮೂರು ವರ್ಷದಲ್ಲಿ ಹದಿನಾಲ್ಕು ಸಲ ರಸ್ತೆಯಲ್ಲಿ ನಿಲ್ಲಿಸಿದ್ದರು. ಒಂದು ಸಲವೂ ಏನೂ ಸಿಕ್ಕಿರಲಿಲ್ಲ. ಅವನ ಫೈಲಿನಲ್ಲಿ, ಪೊಲೀಸರ ಗಮನಕ್ಕೆ ಪದೇಪದೇ ಬಂದ ವ್ಯಕ್ತಿ ಎಂದಿತ್ತು. ನಿಲ್ಲಿಸಿದವರು ಇವರೇ, ನಿಲ್ಲಿಸಿದ್ದನ್ನು ಬರೆದುಕೊಂಡವರು ಇವರೇ, ಬರೆದದ್ದನ್ನು ಓದಿ ಬೆಚ್ಚಿಬಿದ್ದವರೂ ಇವರೇ. ಹೀಗೆ ಐದು ಜನ ಹೋದರು.

ಉಳಿದ ಮೂವರು ಸಂದರ್ಶನಕ್ಕೆ ಹೋದರು. ಮಂಡಳಿಯ ಎರಡನೆಯ ಯಜಮಾನ ಲೆಫ್ಟಿನೆಂಟ್ ಕರ್ಟ್ ಪ್ರಸ್, ಹುಬ್ಬು ಯಾವಾಗಲೂ ಗಂಟಿಕ್ಕಿರುವ ಮನುಷ್ಯ. ಮೊದಲನೆಯ ಹುಡುಗ ಮೆಲ್ಲಗೆ ಮಾತಾಡಿದ. ಗಡಸುತನ ಸಾಲದು ಎಂದರು. ಎರಡನೆಯವನು ಸ್ವಲ್ಪ ಜೋರಾಗಿ ಮಾತಾಡಿದ. ಸಿಟ್ಟಿನ ಸ್ವಭಾವ ಎಂದರು. ರೆನಿಟಾ ಜೋರೂ ಅಲ್ಲದೆ ಮೆಲ್ಲಗೂ ಅಲ್ಲದೆ, ಸೈನ್ಯದಲ್ಲಿ ಕಲಿತಂತೆ ಬೆನ್ನು ನೆಟ್ಟಗೆ ಮಾಡಿ ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಳು. ಅವಳ ಫೈಲು ನೆಲಮಾಳಿಗೆಗೆ ಇಳಿದು ಬಂದಾಗ ಕೊನೆಯ ಪುಟದಲ್ಲಿ ಪ್ರಸ್‌ನ ಕೈಬರಹವಿತ್ತು: ಅರ್ಹಳು. ಆದರೆ ಇಲಾಖೆಗೆ ಹೊಂದುವುದಿಲ್ಲ.

ವರ್ನೀಸ್ ಆ ಪುಟವನ್ನು ಮೂರು ಸಲ ಓದಿದಳು. ಮೂವತ್ತೆರಡು ವರ್ಷದಲ್ಲಿ ಊರಿನ ಕಾರ್ಖಾನೆ ಸತ್ತಿತ್ತು, ಸೇತುವೆ ಬದಲಾಗಿತ್ತು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ಈ ಒಂದು ವಾಕ್ಯಕ್ಕೆ ಮಾತ್ರ ಒಂದು ಕೂದಲೂ ನರೆತಿರಲಿಲ್ಲ.

ಅದೇ ತಿಂಗಳು ಚೀಫ್ ವಾಲ್ಡ್ರಪ್‌ನ ಅಣ್ಣನ ಮಗನೊಬ್ಬ ಕೆಲಸಕ್ಕೆ ಸೇರಿದ. ಎರಡು ವರ್ಷದ ಹಿಂದೆ ಕುಡಿದು ಕಾರನ್ನು ನಗರಸಭೆಯ ಮುಂದಿನ ಕಾರಂಜಿಗೇ ಇಳಿಸಿದ್ದ ಹುಡುಗ. ಅವನ ಫೈಲಿನಲ್ಲಿ ಅದಕ್ಕೆ ಹದಿಹರೆಯದ ತುಂಟತನ ಎಂದು ಹೆಸರಿಟ್ಟಿದ್ದರು. ಆಗ ಅವನಿಗೆ ಇಪ್ಪತ್ತನಾಲ್ಕು.

ನಗರಸಭೆಯ ಮುಂದೆ ಚೀಫ್ ಬಹಳ ದುಃಖದಿಂದ ವರದಿ ಒಪ್ಪಿಸಿದ. "ನಾವು ಕೈಲಾದಷ್ಟೂ ಮಾಡಿದ್ವಿ. ಆದ್ರೆ ಗುಣಮಟ್ಟ ಇಳಿಸೋಕಾಗಲ್ಲ. ನಾನು ಈ ಇಲಾಖೆಗೆ ಸೇರಿದಾಗ ಯಾವ ಗುಣಮಟ್ಟ ಇತ್ತೋ ಅದೇ ಇವತ್ತೂ ಇರಬೇಕು." ಹಿಂದಿನ ಸಾಲಿನಲ್ಲಿ ಕೂತಿದ್ದ ವರ್ನೀಸಿಗೆ ಆ ಕೊನೆಯ ಮಾತು ಕಿವಿಗೆ ಬಿದ್ದು ಅಲ್ಲೇ ನಿಂತಿತು. ಇವನು ಸೇರಿದಾಗ ಇದ್ದ ಗುಣಮಟ್ಟ ಯಾವುದು? ಉತ್ತರ ಅವಳ ನೆಲಮಾಳಿಗೆಯಲ್ಲೇ ಇತ್ತು.

1987ರ ಪೆಟ್ಟಿಗೆ ಮೂರನೆಯ ಸಾಲಿನ ಕೆಳಗಿನ ಹಲಗೆಯಲ್ಲಿತ್ತು. ಗ್ಯಾರೆಟ್ ವಾಲ್ಡ್ರಪ್, ವಯಸ್ಸು ಇಪ್ಪತ್ತೆರಡು. ಹಾರ್ಡ್‌ವೇರ್ ಅಂಗಡಿಯಿಂದ ತಡವಾಗಿ ಬರುತ್ತಾನೆಂದು ವಜಾ. ಜಾತ್ರೆ ಮೈದಾನದಲ್ಲಿ ಎರಡು ಹೊಡೆದಾಟ, ಒಂದರಲ್ಲಿ ಬಿಯರ್ ಬಾಟಲಿ ಎಸೆದು ಒಂದು ರಾತ್ರಿ ಲಾಕಪ್ಪು. ಅಣ್ಣ ಕಳ್ಳಮಾಲಿನ ಕೇಸಿನಲ್ಲಿ ಜಿಲ್ಲಾ ಜೈಲಿನಲ್ಲಿ. ಲಿಖಿತ ಪರೀಕ್ಷೆಯಲ್ಲಿ ಕೊನೆಯಿಂದ ಎರಡನೆಯವನು. ಕೊನೆಯ ಪುಟದಲ್ಲಿ ಯಾರೋ ಬರೆದಿದ್ದರು: ಒಳ್ಳೆಯ ಮನೆತನದ ಹುಡುಗ. ತಿದ್ದಿದರೆ ಸರಿಹೋಗುತ್ತಾನೆ. ತೆಗೆದುಕೊಳ್ಳಬಹುದು.

ವರ್ನೀಸ್ ಸುಳ್ಳು ಹೇಳಿ ಅಭ್ಯಾಸವಿದ್ದವಳಲ್ಲ. ಒಂದು ವಾರ ಒದ್ದಾಡಿದಳು. ಶನಿವಾರ ಡೀಕನ್ ಹೋರೇಸರ ಮನೆಯ ಜಗಲಿಯಲ್ಲಿ ಕುಳಿತು ಎಲ್ಲ ಹೇಳಿಬಿಟ್ಟಳು.

"ಕೆಲಸ ಹೋಗುತ್ತೆ," ಎಂದರು ಡೀಕನ್.

"ಹೋದ್ರೆ ಹೋಗ್ಲಿ. ಪಿಂಚಣಿಗೆ ಮೂರೇ ವರ್ಷ ಇತ್ತು ಅಂತ ಹೊಟ್ಟೆ ಉರಿಯುತ್ತೆ, ಅಷ್ಟೆ."

"ಮತ್ತೆ ನನ್ನ ಯಾಕೆ ಕೇಳ್ತಿದೀರಿ?"

"ನೀವು ಬೇಡ ಅಂತೀರೇನೋ ಅಂತ."

ಡೀಕನ್ ಕುರ್ಚಿಯನ್ನು ಅವಳ ಕಡೆ ತಿರುಗಿಸಿದರು. "ಬೇಡ ಅನ್ನೋ ಮನುಷ್ಯ ಬೇಕಿದ್ರೆ ಬೇರೆ ಜಗಲಿಗೆ ಹೋಗಬೇಕಿತ್ತು, ಸಿಸ್ಟರ್," ಎಂದರು.

ಸೋಮವಾರ ವರ್ನೀಸ್ ಚೀಫ್‌ನ ಆ ಹಳೆಯ ಅರ್ಜಿಯನ್ನು ಹೊಸ ನಮೂನೆಗೆ ಇಳಿಸಿದಳು. ಇಸವಿಗಳನ್ನು ಮುಂದೆ ತಂದಳು. ಹಾರ್ಡ್‌ವೇರ್ ಅಂಗಡಿ ಹೋಗಿ ಕಾರು ತೊಳೆಯುವ ಅಂಗಡಿಯಾಯಿತು, ಜಾತ್ರೆ ಮೈದಾನ ಹೋಗಿ ಉದ್ಯಾನವಾಯಿತು. ಹೆಸರು ಕ್ಯಾಲ್ವಿನ್ ಟಾಲಿವರ್, ವಿಳಾಸ ಹಳಿಯಾಚೆಯ ಒಂದು ಬೀದಿ. ಉಳಿದದ್ದೆಲ್ಲ ಚೀಫ್ ಸಾಹೇಬನದೇ, ಒಂದು ಅಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ.

ಬುಧವಾರ ಬೆಳಿಗ್ಗೆ, ಅಭ್ಯರ್ಥಿಗಳನ್ನು ಕರೆಯುವ ಮೊದಲು ಫೈಲು ನೋಡಲು, ಮಂಡಳಿ ಕೂತಿತು. ಚೀಫ್ ನಡುವೆ, ಪ್ರಸ್ ಬಲಕ್ಕೆ, ನಗರಸಭೆಯ ಸಿಬ್ಬಂದಿ ವಿಭಾಗದ ಹೆಂಗಸೊಬ್ಬಳು ಎಡಕ್ಕೆ. ಸಂಯೋಜಕಿ ವರ್ನೀಸ್ ಫೈಲು ಕೊಟ್ಟು ಗೋಡೆಗೆ ಆತು ನಿಂತಳು. ಚೀಫ್ ಜೋರಾಗಿ ಓದತೊಡಗಿದ. ವರ್ನೀಸ್, ಈಗ ಗುರುತು ಹಿಡಿಯುತ್ತಾನೆ, ಈಗ ಹಿಡಿಯುತ್ತಾನೆ ಎಂದು ಕಾದಳು. ಆದರೆ ಮೂವತ್ತು ವರ್ಷದಿಂದ ಸಮವಸ್ತ್ರದಲ್ಲಿರುವವನಿಗೆ ತಾನು ಎಸೆದ ಬಾಟಲಿ ನೆನಪಿರುತ್ತದೆಯೇ?

"ಹೊಡೆದಾಟ. ಮತ್ತೆ ಹೊಡೆದಾಟ. ಬಾಟಲಿ ಎಸೆದು ಲಾಕಪ್ಪು," ಎಂದು ಚೀಫ್ ತಲೆಯಾಡಿಸಿದ. "ಅಣ್ಣ ಜೈಲಲ್ಲಿ. ಮನೇಲಿ ಸಂಸ್ಕಾರ ಅನ್ನೋದೇ ಇಲ್ಲ ಇವರಿಗೆ. ಕಾರು ತೊಳೆಯೋ ಕೆಲಸಕ್ಕೂ ಹೊತ್ತಿಗೆ ಸರಿಯಾಗಿ ಹೋಗದವನು ಪಿಸ್ತೂಲು ಹಿಡೀತಾನಂತೆ! ಇಂಥವನನ್ನ ತಗೊಂಡ್ರೆ ಒಂದಿನ ಇಡೀ ಇಲಾಖೆ ಮಾನ ಕಳೀತಾನೆ."

"ಹುಟ್ಟುಗುಣ," ಎಂದ ಪ್ರಸ್.

ಸಿಬ್ಬಂದಿ ವಿಭಾಗದ ಹೆಂಗಸು ಮೆತ್ತಗೆ, "ಇನ್ನೂ ಇಪ್ಪತ್ತೆರಡು ವರ್ಷ, ತಿದ್ದಿದ್ರೆ..." ಎಂದಳು.

"ಇಂಥವರು ತಿದ್ದಿದ್ರೆ ತಿದ್ದಿಕೊಳ್ಳಲ್ಲಮ್ಮ. ನನ್ನ ಅನುಭವದ ಮಾತು," ಎಂದು ಚೀಫ್ ಕೆಂಪು ಮುದ್ರೆ ಒತ್ತಿ ಸಹಿ ಹಾಕಿದ. "ಅಲ್ಲ ವರ್ನೀಸ್, ಇಂಥವರನ್ನೆಲ್ಲ ಎಲ್ಲಿಂದ ಹುಡುಕ್ತೀಯಾ ನೀನು?"

"ನೆಲಮಾಳಿಗೆಯಿಂದ, ಚೀಫ್," ಎಂದಳು ವರ್ನೀಸ್. "1987ರ ಪೆಟ್ಟಿಗೆಯಿಂದ."

ಹೇಳಿ, ಮೆಲ್ಲಗೆ ಹಳದಿಗಟ್ಟಿದ ಹಳೆಯ ಫೈಲನ್ನು ಹೊಸದರ ಪಕ್ಕದಲ್ಲಿ ಇಟ್ಟಳು. ಅದರ ಮೇಲೆ ಇಪ್ಪತ್ತೆರಡು ವರ್ಷದ ಚೀಫ್‌ನ ಫೋಟೊ ಅಂಟಿಸಿತ್ತು, ಒಂದು ಕಣ್ಣಿನ ಕೆಳಗೆ ಹೊಡೆದಾಟದ ಕಲೆ ಇನ್ನೂ ಮಾಸಿರಲಿಲ್ಲ. ಚೀಫ್ ನೋಡಿದ. ಕಿವಿಯಿಂದ ಶುರುವಾದ ಕೆಂಪು ಕತ್ತಿಗೆ ಇಳಿಯಿತು. ಸಿಬ್ಬಂದಿ ವಿಭಾಗದ ಹೆಂಗಸು ಕಿಟಕಿಯ ಕಡೆ ತಿರುಗಿದಳು. ಲೆಫ್ಟಿನೆಂಟ್ ಪ್ರಸ್‌ಗೆ ಕೆಮ್ಮು ಬಂತು, ಅದು ನಿಲ್ಲಲೇ ಇಲ್ಲ.

"ಅದು... ಅವಾಗಿನ ಕಾಲವೇ ಬೇರೆ," ಎಂದ ಚೀಫ್.

"ಹೌದು ಚೀಫ್. ನನ್ನ ಫೈಲೂ ಅದೇ ಕಾಲದ್ದು. ನನ್ನ ಹೆಸರಲ್ಲಿ ಒಂದು ಹೊಡೆದಾಟವೂ ಇರ್ಲಿಲ್ಲ."

ಮಧ್ಯಾಹ್ನದೊಳಗೆ ಅವಳನ್ನು ಅಮಾನತು ಮಾಡಿದರು. ಗುಪ್ತ ದಾಖಲೆ ತೆರೆದದ್ದು, ಸುಳ್ಳು ಅರ್ಜಿ ಸೃಷ್ಟಿಸಿದ್ದು. ಎರಡೂ ನಿಜವೇ, ಅವಳು ಒಂದನ್ನೂ ಅಲ್ಲಗಳೆಯಲಿಲ್ಲ. ಕಟ್ಟಡದಿಂದ ಹೊರಗೆ ಬಿಟ್ಟುಬರಲು ಲೂಥರ್ ಗೇನ್ಸನನ್ನೇ ಕಳಿಸಿದರು. ಅವನು ಮೆಟ್ಟಿಲವರೆಗೆ ಬಂದು, ಟೋಪಿ ತೆಗೆದು, "ಮಿಸ್ ವರ್ನೀಸ್, ಹತ್ತೊಂಬತ್ತು ವರ್ಷದಲ್ಲಿ ಈ ಕಟ್ಟಡದೊಳಗೆ ನಾನು ಮನಸಾರೆ ನಗಬೇಕು ಅನ್ಸಿದ್ದು ಇವತ್ತೇ" ಎಂದ. ಅವಳಿಗೆ ಮಾತ್ರ ನಗು ಬರಲಿಲ್ಲ. ಕಾರಿನಲ್ಲಿ ಕೂತು, ಪಿಂಚಣಿಗೆ ಉಳಿದ ತಿಂಗಳುಗಳನ್ನು ಬೆರಳಲ್ಲಿ ಎಣಿಸಿದಳು.

ಅವಳು ಯಾರಿಗೂ ಬಾಯಿಬಿಡಲಿಲ್ಲ. ಬಾಯಿಬಿಟ್ಟವನು ಲೆಫ್ಟಿನೆಂಟ್ ಪ್ರಸ್. ನ್ಯಾಯದ ಮೇಲಿನ ಪ್ರೀತಿಯಿಂದಲ್ಲ. ಚೀಫ್ ಕುರ್ಚಿಯ ಮೇಲೆ ಅವನಿಗೆ ಎಂಟು ವರ್ಷದಿಂದ ಕಣ್ಣಿತ್ತು. ಒಂದು ವಾರದಲ್ಲಿ ಸುದ್ದಿ ಪತ್ರಿಕೆಯ ಮೊದಲ ಪುಟಕ್ಕೆ ಬಂತು. ಹಳಿಯ ಈಚೆಯವರು, ಆಚೆಯವರು ಎನ್ನದೆ ಊರೆಲ್ಲ ಬಿದ್ದುಬಿದ್ದು ನಕ್ಕಿತು. ವಾಷಿಂಗ್ಟನ್ನಿನಿಂದ ಎರಡನೆಯ ಪತ್ರ ಬಂತು, ಈ ಸಲ ಮರ್ಯಾದೆ ಸ್ವಲ್ಪ ಕಡಿಮೆಯಿತ್ತು.

ವಾಲ್ಡ್ರಪ್‌ನನ್ನು ಯಾರೂ ತೆಗೆಯಲಿಲ್ಲ. ಆರೋಗ್ಯದ ಕಾರಣಕ್ಕೆ ನಿವೃತ್ತನಾದ, ಬೀಳ್ಕೊಡುಗೆ ಊಟದಲ್ಲಿ ಎರಡು ಸಲ ಬಡಿಸಿಕೊಂಡು ತಿಂದ. ಕುರ್ಚಿಯೂ ಪ್ರಸ್‌ಗೆ ಸಿಗಲಿಲ್ಲ. ಹುಟ್ಟುಗುಣ ಎಂದ ಅವನ ಮಾತು ನಡಾವಳಿಯ ಪುಸ್ತಕದಲ್ಲಿ ಅಚ್ಚಾಗಿತ್ತು. ಸಿಬ್ಬಂದಿ ವಿಭಾಗದ ಹೆಂಗಸು ಕಿಟಕಿ ನೋಡುತ್ತಿದ್ದರೂ ಕೈ ಬರೆಯುತ್ತಲೇ ಇತ್ತು. ಹೊರಗಿನಿಂದ ಬಂದ ಹೊಸ ಚೀಫ್ ಮೊದಲ ತಿಂಗಳೇ, ರಸ್ತೆಯಲ್ಲಿ ಎಷ್ಟು ಸಲ ನಿಲ್ಲಿಸಿದ್ದಾರೆ ಎಂಬ ಪ್ರಶ್ನೆಯನ್ನು ನಮೂನೆಯಿಂದ ಹೊಡೆದುಹಾಕಿದಳು. ಹೊಂದುವುದಿಲ್ಲ ಎಂದು ಬರೆಯುವವರು ಏನಕ್ಕೆ ಏನು ಹೊಂದುವುದಿಲ್ಲ ಎಂದೂ ಬರೆಯಬೇಕು ಎಂದು ಆಜ್ಞೆ ಮಾಡಿದಳು. ಆಮೇಲೆ ಯಾರೂ ಆ ಮಾತನ್ನು ಬರೆಯಲಿಲ್ಲ. ಮನಸ್ಸಿನಲ್ಲಿ ಬರೆದುಕೊಂಡರೋ ಏನೋ, ಅದಕ್ಕೆ ಇನ್ನೂ ನಮೂನೆ ಬಂದಿಲ್ಲ.

ರೆನಿಟಾಗೆ ಇಲಾಖೆಯಿಂದ ಮತ್ತೆ ಕರೆ ಹೋಯಿತು. ಅಷ್ಟರಲ್ಲಿ ಅವಳು ತೊಂಬತ್ತು ಮೈಲಿ ಆಚೆಯ ದೊಡ್ಡ ಊರಿನಲ್ಲಿ ಸಮವಸ್ತ್ರ ತೊಟ್ಟಾಗಿತ್ತು. ವರ್ನೀಸಿಗೆ ಫೋನ್ ಮಾಡಿದಳು.

"ಮಿಸ್ ವರ್ನೀಸ್, ಇಲ್ಲಿ ಸಂದರ್ಶನದಲ್ಲಿ ಏನು ಕೇಳಿದ್ರು ಗೊತ್ತಾ? ಯಾವತ್ತಿಂದ ಬರ್ತೀಯಾ ಅಂತ. ಅಷ್ಟೇ."

"ವಾಪಸ್ ಬರಲ್ವೇನಮ್ಮ? ಇದು ನಿನ್ನ ಊರು."

"ಊರು ನಂದೇ. ಆದ್ರೆ ಆ ಊರಿಗೆ ನಾನು ಬೇಕು ಅಂತ ಅನ್ಸೋಕೆ ಪತ್ರಿಕೇಲಿ ಬರಬೇಕಾಯ್ತಲ್ಲ."

ಫೋನಿಟ್ಟ ಮೇಲೆ ವರ್ನೀಸ್ ಅಡುಗೆಮನೆಯಲ್ಲಿ ಕೂತು ಸ್ವಲ್ಪ ಅತ್ತಳು. ಗೆದ್ದೆಯೆಂದು ಎಲ್ಲರೂ ಅವಳಿಗೆ ಶಹಬ್ಬಾಸ್ ಹೇಳುತ್ತಿದ್ದ ದಿನಗಳವು.

ಅವಳಿಗೆ ನಾಲ್ಕು ತಿಂಗಳ ಅಮಾನತು, ಒಂದು ಛೀಮಾರಿ ಪತ್ರ, ಆಮೇಲೆ ಅದೇ ನೆಲಮಾಳಿಗೆ. ಸಂಯೋಜಕಿ ಪಟ್ಟ ಮಾತ್ರ ಕಿತ್ತುಕೊಂಡರು. ಅದಕ್ಕೀಗ ಸಂಬಳ ನಿಗದಿಯಾಗಿತ್ತು, ಕೊಲಂಬಸ್‌ನ ಸಲಹೆಗಾರರಲ್ಲೊಬ್ಬ ಬಂದು ಕೂತಿದ್ದ. ಮೂರು ವರ್ಷ ಕಳೆದು ಪಿಂಚಣಿ ಪಡೆದು ಹೊರಬಂದಾಗ ಇಲಾಖೆಯಲ್ಲಿ ಹದಿಮೂರು ಜನ ಕಪ್ಪು ಪೊಲೀಸರಿದ್ದರು. ಅವರಲ್ಲಿ ಡೀಕನ್ನರ ಮೊಮ್ಮಗನೂ ಒಬ್ಬ. ಅವನು ತಾತನಿಗೆ ನಿಜವಾಗಿಯೂ ಚೀಟಿ ಹರಿದ, ಬೆಂಕಿ ಆರಿಸುವ ನೀರಿನ ಕೊಳಾಯಿಯ ಮುಂದೆ ಕಾರು ನಿಲ್ಲಿಸಿದ್ದಕ್ಕೆ.

ಈಗ ಶನಿವಾರ ಬೆಳಿಗ್ಗೆ ಚರ್ಚಿನ ಊಟದ ಕೋಣೆಯಲ್ಲಿ ವರ್ನೀಸ್ ಪಾಠ ನಡೆಸುತ್ತಾಳೆ. ಪೊಲೀಸ್ ಸಂದರ್ಶನಕ್ಕೆ ಹೋಗುವವರಿಗೆ ಮೇಜಿನ ಮುಂದೆ ಕೂರುವ ಅಭ್ಯಾಸ. ಮೇಜಿನಾಚೆ ಹುಬ್ಬು ಗಂಟಿಕ್ಕಿ ಲೆಫ್ಟಿನೆಂಟ್ ಪಾತ್ರ ಮಾಡುವವರು ಡೀಕನ್ ಹೋರೇಸ್. ಆ ಪಾತ್ರ ಅವರಿಗೆ ಎಷ್ಟು ಹಿಡಿಸಿದೆಯೆಂದರೆ ಪಾಠ ಮುಗಿದರೂ ಹುಬ್ಬು ಇಳಿಯುವುದಿಲ್ಲ. ಹೋದ ವಾರ ಅಂಚೆ ಕಚೇರಿಯಲ್ಲಿ ದುಡಿಯುವ ಯುವತಿಯೊಬ್ಬಳು ಕುರ್ಚಿಯಲ್ಲಿ ಕೂತಿದ್ದಳು.

"ನಿನ್ನ ಧ್ವನಿ ಜಾಸ್ತಿಯಾಯ್ತು," ಎಂದು ಡೀಕನ್ ಗದರಿದರು.

ಅವಳು ಧ್ವನಿ ಇಳಿಸಿದಳು.

"ಈಗ ತೀರಾ ಮೆತ್ತಗಾಯ್ತು!"

ಯುವತಿ ಕೈಕಟ್ಟಿ ಹಿಂದಕ್ಕೆ ಒರಗಿದಳು. "ಸರ್, ನಿಮಗೆ ಎಷ್ಟು ಜೋರು ಬೇಕು ಅಂತ ಬರೆದು ಕೊಡಿ, ಕೆಳಗೆ ಸಹಿ ಹಾಕಿ. ನಾನು ಅಷ್ಟಕ್ಕೇ ಮಾತಾಡ್ತೀನಿ."

ಡೀಕನ್ ವರ್ನೀಸಳ ಕಡೆ ತಿರುಗಿದರು. "ಇದಕ್ಕೆ ಏನನ್ನಲಿ, ಸಿಸ್ಟರ್?"

"ಏನೂ ಅನ್ನೋಕಾಗಲ್ಲ. ಮುಂದಿನ ಪ್ರಶ್ನೆ ಕೇಳಿ," ಎಂದಳು ವರ್ನೀಸ್, ಕಾಫಿ ಬಗ್ಗಿಸುತ್ತ.